ಒಂದೇ ಜಾಗ ಬಲ್ಲ ಮೊಹರು

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿದ್ಯಾರ್ಥಿ–ಪಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಿಣ್ವದ ಸಹವಾಸ ಏಕೆ ಎಂದು ಆಮಂತ್ರಣ ಪತ್ರಿಕೆ ನೋಡಿದವರು ಅಂದುಕೊಂಡಿರಬಹುದು. ನಮ್ಮ ವಿಜ್ಞಾನ ಶಿಕ್ಷಕರು ಎದುರಿಗೇ ಕುಳಿತಿದ್ದಾರೆ, ಕಿವಿ ಹಿಂಡುವ ಅಧಿಕಾರ ಅವರಿಗೆ ಇದ್ದೇ ಇದೆ. ನನ್ನ ಸಮರ್ಥನೆ ಇಷ್ಟೇ: ನಾನು ಇಂದು ಪರಿಚಯಿಸಲಿರುವ ಕಿಣ್ವ ಒಂದು ಪದವನ್ನು ಓದುತ್ತದೆ. ಹದಿನೈದು ಅಕ್ಷರಗಳ ಪದ. ಓದುವುದು ಯಾರೇ ಆಗಿರಲಿ, ಅದು ಭಾಷಾ ಶಿಕ್ಷಕನ ಎಲ್ಲೆಯೊಳಗೆ ಬರುತ್ತದೆ ಎಂದು ನಾನು ತಿಳಿದಿದ್ದೇನೆ. ಇನ್ನೊಂದು ಕಾರಣವೂ ಇದೆ. ಇದೇ ಕೆಲಸ ಮಾಡುವ ಕಿಣ್ವ ನಮ್ಮ ದೇಹದಲ್ಲೂ ಇದೆ. ಅದು ಹುಟ್ಟಿನಿಂದಲೇ ಕೆಟ್ಟಿದ್ದರೆ ಹಸುಗೂಸು ಪ್ರಾಣ ಬಿಡಬಹುದು. ಸಕಾಲದಲ್ಲಿ ತಿಳಿದರೆ ಹೆಚ್ಚಿನ ಮಕ್ಕಳು ಒಂದು ಜೀವಸತ್ವದ ಮಾತ್ರೆಯಿಂದ ಉಳಿಯುತ್ತಾರೆ. ಪಾಲಕರು ಇಷ್ಟು ಸಂಖ್ಯೆಯಲ್ಲಿ ಬಂದಿರುವ ಸಭೆಯಲ್ಲಿ ಆ ಮಾತನ್ನು ಹೇಳದೆ ಹೋಗಲಾರೆ. ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಆ ಜೀವಸತ್ವದ ಕಥೆ. ಅದರ ಹೆಸರು ಬಯೋಟಿನ್. 'ಬಿ' ಗುಂಪಿನ ಜೀವಸತ್ವಗಳಲ್ಲಿ ಏಳನೆಯದು. ಅದು ಮನುಷ್ಯನ ಕೈಗೆ ಸಿಕ್ಕಿದ್ದು ಕೋಳಿಮೊಟ್ಟೆಯ ದಾರಿಯಿಂದ, ಅದೂ ಸುತ್ತುಬಳಸಿನ ದಾರಿಯಿಂದ. 1927ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಮಾರ್ಗರೆಟ್ ಬೋಆಸ್ ಎಂಬ ಸಂಶೋಧಕಿ ಇಲಿಗಳಿಗೆ ಒಣಗಿಸಿದ ಹಸಿ ಮೊಟ್ಟೆಯ ಬಿಳಿಭಾಗವನ್ನೇ ಆಹಾರವಾಗಿ ಕೊಟ್ಟು ನೋಡಿದರು. ಇಲಿಗಳ ಕೂದಲು ಉದುರಿತು, ಚರ್ಮ ಹುಣ್ಣಾಯಿತು, ನಡಿಗೆ ಕೆಟ್ಟಿತು. ಮೊಟ್ಟೆ ಎಂದರೆ ಪುಷ್ಟಿ ಎಂದು ನಂಬಿದವರಿಗೆ ಇದು ವಿಚಿತ್ರವಾಗಿ ಕಂಡಿತು. ಅದೇ ಬಿಳಿಭಾಗವನ್ನು ಬೇಯಿಸಿ ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಯೀಸ್ಟ್, ಪಿತ್ತಜನಕಾಂಗ, ಮೊಟ್ಟೆಯ ಹಳದಿ ಇವುಗಳಲ್ಲಿದ್ದ ಯಾವುದೋ ಒಂದು ವಸ್ತು ಈ ಕಾಯಿಲೆಯನ್ನು ತಡೆಯುತ್ತಿತ್ತು.

ಆ ವಸ್ತುವನ್ನು ಶುದ್ಧರೂಪದಲ್ಲಿ ಮೊದಲು ಬೇರ್ಪಡಿಸಿದವರು ಕೋಗಲ್ ಮತ್ತು ಟೋನಿಸ್, 1936ರಲ್ಲಿ. ಒಣಗಿಸಿದ ಮೊಟ್ಟೆಯ ಹಳದಿ 250 ಕಿಲೋಗ್ರಾಂ ತೆಗೆದುಕೊಂಡು ಅವರು ಪಡೆದ ಬಯೋಟಿನ್ ಎಷ್ಟು ಗೊತ್ತೇ? 1.1 ಮಿಲಿಗ್ರಾಂ. ಇನ್ನು ಬಿಳಿಭಾಗದಲ್ಲಿದ್ದ ಕೇಡಿನ ವಸ್ತು ಯಾವುದು? 1940ರ ಆಸುಪಾಸಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಅದೂ ಸಿಕ್ಕಿತು. ಅದೊಂದು ಪ್ರೋಟೀನು, ಬಯೋಟಿನ್ನನ್ನು ಕಂಡರೆ ಹಸಿದವನಂತೆ ಹಿಡಿದುಕೊಳ್ಳುವುದು ಅದರ ಗುಣ. ಹಾಗಾಗಿ ಅದಕ್ಕೆ ಅವಿಡಿನ್ ಎಂದು ಹೆಸರಿಟ್ಟರು. ಒಂದೇ ಮೊಟ್ಟೆಯ ಹಳದಿಯಲ್ಲಿ ಜೀವಸತ್ವ, ಬಿಳಿಯಲ್ಲಿ ಅದನ್ನು ಕಸಿಯುವ ಪ್ರೋಟೀನು! ಬೇಯಿಸಿದರೆ ಅವಿಡಿನ್ ಕೆಟ್ಟುಹೋಗಿ ಹಿಡಿತ ಬಿಡುತ್ತದೆ. ವ್ಯಾಯಾಮಶಾಲೆಗೆ ಹೋಗುವ ನಮ್ಮ ಹುಡುಗರು ಬೆಳಿಗ್ಗೆ ಎದ್ದು ಹಸಿ ಮೊಟ್ಟೆ ಒಡೆದು ಕುಡಿಯುವುದನ್ನು ಕೇಳಿದ್ದೇನೆ. ಒಂದೆರಡು ಮೊಟ್ಟೆಯಿಂದ ಯಾರಿಗೂ ಅಪಾಯವಿಲ್ಲ. ಆದರೆ ಬೇಯಿಸಿ ತಿಂದರೆ ನಷ್ಟವೇನೂ ಇಲ್ಲ, ಲಾಭವೇ ಇದೆ.

ಈ ಅವಿಡಿನ್ನಿನ ಹಿಡಿತವನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಒಮ್ಮೆ ಕೂಡಿಕೊಂಡ ಅವಿಡಿನ್–ಬಯೋಟಿನ್ ಜೋಡಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಲು ಸುಮಾರು 200 ದಿನ ಬೇಕು. ಪ್ರಕೃತಿಯಲ್ಲಿ ಪ್ರೋಟೀನಿಗೂ ಸಣ್ಣ ಅಣುವಿಗೂ ಇರುವ ಅತಿ ಗಟ್ಟಿಯಾದ ಸಂಬಂಧಗಳಲ್ಲಿ ಇದೂ ಒಂದು. ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಗಳ ಒಂದು ಜಾತಿಯಲ್ಲಿ ಇದರಂಥದೇ ಇನ್ನೊಂದು ಪ್ರೋಟೀನು ಸಿಕ್ಕಿದೆ, ಅದು ಸ್ಟ್ರೆಪ್ಟಾವಿಡಿನ್. ಇವೆರಡಕ್ಕೂ ನಾಲ್ಕು ನಾಲ್ಕು ಕೈಗಳು. ಒಂದೊಂದು ಕೈಯೂ ಒಂದೊಂದು ಬಯೋಟಿನ್ನನ್ನು ಹಿಡಿಯುತ್ತದೆ.

ಈಗ ಪ್ರಶ್ನೆ: ಬಯೋಟಿನ್ನಿನಿಂದ ಜೀವಕೋಶಕ್ಕೆ ಏನು ಪ್ರಯೋಜನ? ಬಿಡಿಯಾಗಿ ತೇಲಾಡುವ ಬಯೋಟಿನ್ನಿನಿಂದ ಹೆಚ್ಚೇನೂ ಇಲ್ಲ. ಅದು ಒಂದು ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ. ನಮ್ಮ ಹಳ್ಳಿಯ ಹಳೆಯ ಬಾವಿಗಳ ಮೇಲಿದ್ದ ಏತವನ್ನು ಹಿರಿಯರು ನೋಡಿದ್ದೀರಿ. ಉದ್ದನೆಯ ಮರದ ತೋಳು, ತುದಿಯಲ್ಲಿ ಬಾನಿ. ತೋಳು ಬಾಗಿ ನೀರು ತುಂಬಿಕೊಳ್ಳುತ್ತದೆ, ಎದ್ದು ಕಾಲುವೆಗೆ ಸುರಿಯುತ್ತದೆ. ಜೀವಕೋಶದಲ್ಲಿ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲವೇ ಆ ತೋಳು, ತುದಿಯಲ್ಲಿರುವ ಬಯೋಟಿನ್ನೇ ಬಾನಿ. ಅದು ಇಂಗಾಲದ ಒಂದು ಸಣ್ಣ ತುಣುಕನ್ನು ಒಂದು ಕಡೆ ಹೊತ್ತುಕೊಂಡು ಇನ್ನೊಂದು ಕಡೆ ಇಳಿಸುತ್ತದೆ. ಕೊಬ್ಬಿನಾಮ್ಲ ತಯಾರಾಗುವ ಮೊದಲ ಹೆಜ್ಜೆ ಇದು. ಕೊಬ್ಬಿನಾಮ್ಲ ಇಲ್ಲದಿದ್ದರೆ ಜೀವಕೋಶಕ್ಕೆ ಪೊರೆ ಇಲ್ಲ, ಪೊರೆ ಇಲ್ಲದಿದ್ದರೆ ಜೀವಕೋಶವೇ ಇಲ್ಲ. ಬಾನಿ ಕಟ್ಟದ ಏತ ಎಷ್ಟು ಸಲ ಬಾಗಿ ಎದ್ದರೇನು?

ಬಾನಿಯನ್ನು ತೋಳಿಗೆ ಕಟ್ಟುವ ಕೆಲಸಗಾರನೇ ನಮ್ಮ ಕಥಾನಾಯಕ. ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಇ-ಕೊಲೈ ಬ್ಯಾಕ್ಟೀರಿಯದಲ್ಲಿ ಇದರ ಹೆಸರು ಬಿರ್-ಎ. 321 ಅಮೈನೋ ಆಮ್ಲಗಳ ಒಂದು ಸರಪಳಿ. ಇ-ಕೊಲೈನಲ್ಲಿ ಸುಮಾರು 4 ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳನ್ನು ತಯಾರಿಸುವ ಜೀನ್‌ಗಳಿವೆ. ಹೆಚ್ಚುಕಡಿಮೆ ಎಲ್ಲ ಪ್ರೋಟೀನುಗಳಲ್ಲೂ ಲೈಸಿನ್ ಇದೆ, ಒಂದೊಂದರಲ್ಲಿ ಹತ್ತಾರು ಇವೆ. ಇಷ್ಟೆಲ್ಲ ಲೈಸಿನ್‌ಗಳ ನಡುವೆ ಬಿರ್-ಎ ಒಂದೇ ಒಂದು ಪ್ರೋಟೀನನ್ನು ಹುಡುಕಿ, ಅದರ ಒಂದೇ ಒಂದು ಲೈಸಿನ್ನಿಗೆ, ಅಂದರೆ 122ನೆಯ ಸ್ಥಾನದಲ್ಲಿರುವುದಕ್ಕೆ, ಬಯೋಟಿನ್ನನ್ನು ಅಂಟಿಸುತ್ತದೆ. ಬೇರೆ ಯಾವುದನ್ನೂ ಮುಟ್ಟುವುದಿಲ್ಲ.

ಅಂಟಿಸುವ ರೀತಿ ನಮ್ಮ ಕಚೇರಿಯ ಮೊಹರಿನಂತೆಯೇ ಇದೆ. (ಮೊಹರು ಎಂಬುದು ಉರ್ದುವಿನಲ್ಲಿ ನಾವು ಮುಹರ್ ಎನ್ನುವ ಪದವೇ. ನಮ್ಮ ತಾಲ್ಲೂಕು ಕಚೇರಿಗಳು ಎಷ್ಟು ಉರ್ದು ಮಾತನಾಡುತ್ತವೆ ಎಂಬುದು ಇನ್ನೊಂದು ದಿನದ ಉಪನ್ಯಾಸ.) ಮೊಹರನ್ನು ಮೊದಲು ಶಾಯಿಯ ಪ್ಯಾಡಿಗೆ ಒತ್ತುತ್ತೇವೆ, ಆಮೇಲೆ ಕಾಗದಕ್ಕೆ. ಬಿರ್-ಎ ಸಹ ಎರಡು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಬಯೋಟಿನ್ನನ್ನು ಎಟಿಪಿ ಎಂಬ ಶಕ್ತಿಯ ಅಣುವಿನೊಂದಿಗೆ ಕೂಡಿಸಿ ಚುರುಕುಗೊಳಿಸುತ್ತದೆ. ಇದು ಶಾಯಿ ಹತ್ತಿದ ಸ್ಥಿತಿ. ಈ ಚುರುಕಾದ ಬಯೋಟಿನ್ ಬಹಳ ಆತುರದ ವಸ್ತು, ಬಿಟ್ಟರೆ ಹತ್ತಿರದ ಯಾವ ಲೈಸಿನ್ನಿಗಾದರೂ ಅಂಟಿಕೊಂಡೀತು. ಹಾಗಾಗಿ ಕಿಣ್ವ ಅದನ್ನು ತನ್ನ ಮಡಿಲಿನಲ್ಲಿ ಭದ್ರವಾಗಿ ಮುಚ್ಚಿಟ್ಟುಕೊಂಡು ಕಾಯುತ್ತದೆ. ಸರಿಯಾದ ಪ್ರೋಟೀನು ಬಂದಾಗ ಮಾತ್ರ ಎರಡನೆಯ ಹೆಜ್ಜೆ, ಮುದ್ರೆ.

ಎಲ್ಲರಿಗೂ ಮುದ್ರೆ ಬಿದ್ದು ಮುಗಿದರೆ? ಆಗ ಬಿರ್-ಎ ಸುಮ್ಮನೆ ಕೂರುವುದಿಲ್ಲ. ಶಾಯಿ ಹತ್ತಿದ ಎರಡು ಬಿರ್-ಎ ಜೊತೆಯಾಗಿ ಹೋಗಿ ಡಿಎನ್‌ಎ ಮೇಲೆ, ಬಯೋಟಿನ್ ತಯಾರಿಕೆಯ ಜೀನ್‌ಗಳು ಆರಂಭವಾಗುವ ಜಾಗದಲ್ಲಿ ಕುಳಿತು, ತಯಾರಿಕೆಯನ್ನೇ ನಿಲ್ಲಿಸುತ್ತವೆ. ಶಾಲೆಯ ಬಿಸಿಯೂಟದಲ್ಲಿ ಬಡಿಸುವವರೇ ದಾಸ್ತಾನು ಪುಸ್ತಕವನ್ನೂ ನೋಡಿಕೊಂಡ ಹಾಗೆ: ಮಕ್ಕಳೆಲ್ಲ ಉಂಡಾಯಿತು, ಇನ್ನು ಅಕ್ಕಿ ತರಿಸಬೇಡಿ. ಅಂಟಿಸುವ ಕಿಣ್ವ ಮತ್ತು ತಡೆಯುವ ಪ್ರೋಟೀನು ಎರಡೂ ಒಂದೇ ಎಂಬುದನ್ನು ಬಾರ್ಕರ್ ಮತ್ತು ಕ್ಯಾಂಪ್‌ಬೆಲ್ 1981ರಲ್ಲಿ ತೋರಿಸಿದರು. 1992ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ಇದರ ಆಕಾರವೂ ತಿಳಿಯಿತು. ಡಿಎನ್‌ಎ ಹಿಡಿಯುವ ಭಾಗ ಒಂದು ಕಡೆ, ಬಯೋಟಿನ್ ಕೂರುವ ಭಾಗ ಇನ್ನೊಂದು ಕಡೆ ಸ್ಪಷ್ಟವಾಗಿ ಕಾಣುತ್ತವೆ.

ಈಗ ನನ್ನ ವಿಷಯಕ್ಕೆ, ಅಂದರೆ ಅಕ್ಷರಗಳ ವಿಷಯಕ್ಕೆ ಬರುತ್ತೇನೆ.

ವಿದ್ಯಾರ್ಥಿಗಳೇ, ಕನ್ನಡ ವರ್ಣಮಾಲೆಯಲ್ಲಿ ಎಷ್ಟು ಅಕ್ಷರ ಎಂದರೆ ನೀವು ಹೇಳುತ್ತೀರಿ. ಪ್ರೋಟೀನಿನ ವರ್ಣಮಾಲೆಯಲ್ಲಿ ಇರುವುದು 20 ಅಕ್ಷರ, ಅವೇ 20 ಅಮೈನೋ ಆಮ್ಲಗಳು. ವಿಜ್ಞಾನಿಗಳು ಒಂದೊಂದಕ್ಕೂ ಇಂಗ್ಲಿಷಿನ ಒಂದೊಂದು ಅಕ್ಷರ ಕೊಟ್ಟಿದ್ದಾರೆ. ಲೈಸಿನ್ನಿನ ಅಕ್ಷರ 'ಕೆ'. ಬಿರ್-ಎ ಓದುವ ಸಹಜವಾದ ಬರಹ ಉದ್ದವಾದದ್ದು, ಪ್ರೋಟೀನಿನ ಎಪ್ಪತ್ತಕ್ಕೂ ಹೆಚ್ಚು ಅಕ್ಷರಗಳ ಒಂದು ಭಾಗ ಅದಕ್ಕೆ ಬೇಕು. 1993ರಲ್ಲಿ ಪೀಟರ್ ಶಾಟ್ಜ್ ಎಂಬ ಸಂಶೋಧಕರು ಒಂದು ಪ್ರಶ್ನೆ ಕೇಳಿಕೊಂಡರು: ಇದಕ್ಕಿಂತ ಚಿಕ್ಕ ಪದವೊಂದನ್ನು ತೋರಿಸಿದರೆ ಬಿರ್-ಎ ಮೋಸಹೋಗಿ ಮುದ್ರೆ ಒತ್ತೀತೇ? ಅಕ್ಷರಗಳನ್ನು ಬೇಕಾಬಿಟ್ಟಿ ಜೋಡಿಸಿದ ಪದಗಳ ದೊಡ್ಡ ರಾಶಿಯನ್ನೇ ತಯಾರಿಸಿ, ಅದರಲ್ಲಿ ಯಾವುದಕ್ಕೆ ಬಯೋಟಿನ್ ಅಂಟಿತೋ ಅದನ್ನು ಅವಿಡಿನ್ನಿನ ಬಂಧುವಾದ ಸ್ಟ್ರೆಪ್ಟಾವಿಡಿನ್ನಿನಿಂದ ಹಿಡಿದು ಆರಿಸಿದರು. ಸಿಕ್ಕಿತು! ಆ ಹುಡುಕಾಟದಿಂದ ಬಂದು, ಮುಂದೆ ಪ್ರಯೋಗಶಾಲೆಗಳಲ್ಲಿ ಬಳಕೆಗೆ ನಿಂತ ಹದಿನೈದು ಅಕ್ಷರದ ಪದ ಇದು, ಕಪ್ಪುಹಲಗೆಯ ಮೇಲೂ ಬರೆದಿದ್ದೇನೆ: ಜಿ, ಎಲ್, ಎನ್, ಡಿ, ಐ, ಎಫ್, ಇ, ಎ, ಕ್ಯೂ, ಕೆ, ಐ, ಇ, ಡಬ್ಲ್ಯು, ಎಚ್, ಇ. ಹತ್ತನೆಯ ಅಕ್ಷರ ಕೆ. ಮುದ್ರೆ ಬೀಳುವುದು ಅಲ್ಲಿಗೇ. ಆ ಕೆ ತೆಗೆದು ಬೇರೆ ಅಕ್ಷರ ಹಾಕಿದಿರೋ, ಉಳಿದ ಹದಿನಾಲ್ಕು ಸರಿಯಿದ್ದರೂ ಬಿರ್-ಎ ಮುಖ ತಿರುಗಿಸಿಕೊಂಡು ಹೋಗುತ್ತದೆ. ಈ ಪದಕ್ಕೆ ಅವಿಟ್ಯಾಗ್ ಎಂಬ ಹೆಸರು ನಿಂತಿದೆ.

ಇದರಿಂದಾದ ಉಪಯೋಗ ಹೇಳುತ್ತೇನೆ. ಪ್ರೋಟೀನುಗಳಿಗೆ ಬಯೋಟಿನ್ ಅಂಟಿಸುವ ರಾಸಾಯನಿಕ ವಿಧಾನ ಮೊದಲೂ ಇತ್ತು, ಇಂದೂ ಬಳಕೆಯಲ್ಲಿದೆ. ಆದರೆ ರಾಸಾಯನಿಕಕ್ಕೆ ಓದಲು ಬರುವುದಿಲ್ಲ. ಸಿಕ್ಕ ಸಿಕ್ಕ ಲೈಸಿನ್ನಿಗೆಲ್ಲ ಅಂಟಿಸುತ್ತದೆ. ಅರ್ಜಿಯಲ್ಲಿ ಸಹಿಯ ಜಾಗ, ಹೆಸರಿನ ಜಾಗ, ಫೋಟೋದ ಮುಖ ಎನ್ನದೆ ಎಲ್ಲೆಂದರಲ್ಲಿ ಮೊಹರು ಬಡಿದರೆ ಅರ್ಜಿ ಓದಲಿಕ್ಕೇ ಬಾರದು. ಪ್ರೋಟೀನಿನ ಮುಖ್ಯ ಭಾಗದ ಮೇಲೆ ಬಯೋಟಿನ್ ಕೂತರೆ ಅದರ ಕೆಲಸವೂ ಹಾಗೆಯೇ ಕೆಡಬಹುದು. ಬಿರ್-ಎ ಮತ್ತು ಹದಿನೈದು ಅಕ್ಷರದ ಪದ ಕೈಯಲ್ಲಿದ್ದರೆ, ಬೇಕಾದ ಪ್ರೋಟೀನಿನ ಬಾಲಕ್ಕೆ ಆ ಪದವನ್ನು ಜೋಡಿಸಿ, ಅಲ್ಲಿಗೇ ಒಂದೇ ಮುದ್ರೆ ಹಾಕಿಸಬಹುದು. ಆಮೇಲೆ ಸ್ಟ್ರೆಪ್ಟಾವಿಡಿನ್ ಹಚ್ಚಿದ ಮಣಿಗಳನ್ನು ಹಾಕಿದರೆ, ಅಕ್ಕಿಯಲ್ಲಿ ಬಿದ್ದ ಸೂಜಿಯನ್ನು ಅಯಸ್ಕಾಂತ ಎತ್ತಿದಂತೆ ಆ ಪ್ರೋಟೀನನ್ನು ಮೇಲಕ್ಕೆ ಎತ್ತಬಹುದು.

ಇದರ ಅತ್ಯಂತ ಹೆಸರಾದ ಪ್ರಯೋಗ 1996ರದು. ನಮ್ಮ ರಕ್ತದಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಟಿ-ಕೋಶಗಳಿವೆ. ಒಂದೊಂದು ಬಗೆಯ ಕೋಶವೂ ಒಂದೊಂದು ಗುರುತನ್ನು ಮಾತ್ರ ಬಲ್ಲದು. ಒಂದು ವೈರಸ್ಸಿನ ಗುರುತು ಬಲ್ಲ ಕೋಶಗಳು ಒಬ್ಬನ ರಕ್ತದಲ್ಲಿ ಎಷ್ಟಿವೆ ಎಂದು ಎಣಿಸುವುದು ಹೇಗೆ? ಆ ಗುರುತನ್ನು ಹಿಡಿದಿರುವ ಪ್ರೋಟೀನನ್ನು ಕೊಟ್ಟು ನೋಡಿದರೆ ಟಿ-ಕೋಶ ಮುಟ್ಟಿ ತಕ್ಷಣ ಬಿಟ್ಟುಬಿಡುತ್ತಿತ್ತು, ಹಿಡಿತ ಅಷ್ಟು ಸಡಿಲ. ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಆ ಪ್ರೋಟೀನಿನ ಬಾಲಕ್ಕೆ ಬಿರ್-ಎ ಓದುವ ಪದವನ್ನು ಜೋಡಿಸಿ, ಬಯೋಟಿನ್ ಮುದ್ರೆ ಹಾಕಿಸಿ, ಸ್ಟ್ರೆಪ್ಟಾವಿಡಿನ್ನಿನ ನಾಲ್ಕು ಕೈಗಳಿಗೆ ನಾಲ್ಕು ಪ್ರೋಟೀನು ಕೊಟ್ಟರು. ಒಂದು ಹಿಡಿತ ಸಡಿಲಾದರೇನು, ನಾಲ್ಕು ಒಟ್ಟಿಗೆ ಹಿಡಿದರೆ ಕೋಶ ಬಿಡಿಸಿಕೊಳ್ಳಲಾರದು. ಜೊತೆಗೆ ಬೆಳಗುವ ಬಣ್ಣವೊಂದನ್ನು ಸೇರಿಸಿದರೆ ಕೋಶಗಳನ್ನು ಯಂತ್ರದಲ್ಲಿ ಎಣಿಸಬಹುದು. ಎಚ್‌ಐವಿ ಸೋಂಕಿತರ ರಕ್ತದಲ್ಲಿ ಅವರು ಹೀಗೆ ಎಣಿಸಿ ತೋರಿಸಿದರು. ಮುದ್ರೆ ಬಾಲದಲ್ಲೇ ಬಿದ್ದಿದ್ದರಿಂದ ನಾಲ್ಕು ಪ್ರೋಟೀನುಗಳ ಮುಖವೂ ಹೊರಗೇ ಇತ್ತು. ರಾಸಾಯನಿಕ ವಿಧಾನದಲ್ಲಿ ಈ ಖಾತರಿ ಎಲ್ಲಿ?

ಇಲ್ಲಿಯವರೆಗೆ ಬಿರ್-ಎಯ ಕಟ್ಟುನಿಟ್ಟನ್ನು ಹೊಗಳಿದ್ದಾಯಿತು. ಇನ್ನು ಮುಂದಿನದು ಅದು ಕೆಟ್ಟುಹೋದ ಕಥೆ, ನನಗೆ ಬಹಳ ಇಷ್ಟವಾದ ಭಾಗ.

ಉರ್ದು ಓದುವ ಮಕ್ಕಳಿಗೆ ನುಕ್ತೆಯ ಮಹಿಮೆ ಗೊತ್ತು. 'ದುಆ' ಎಂದು ಬರೆದು, ಕೊನೆಯ ಭಾಗದಲ್ಲಿ ಅರಿಯದೆ ಒಂದು ನುಕ್ತೆ ಇಟ್ಟರೆ ಅದು 'ದಗಾ' ಆಗುತ್ತದೆ. ಪ್ರಾರ್ಥನೆ ಹೋಗಿ ಮೋಸ! ಬಿರ್-ಎಯ 321 ಅಕ್ಷರಗಳಲ್ಲಿ 118ನೆಯದು ಆರ್ಜಿನೈನ್. ಚುರುಕಾದ ಬಯೋಟಿನ್ನನ್ನು ಮುಚ್ಚಿಡುವ ಮಡಿಲು ಎಂದೆನಲ್ಲ, ಅದರ ಒಂದು ಮಡಿಕೆ ಇಲ್ಲಿದೆ. ಆರ್ಜಿನೈನ್ ಜಾಗದಲ್ಲಿ ಗ್ಲೈಸಿನ್ ಎಂಬ ಇನ್ನೊಂದು ಅಕ್ಷರ ಬಂದರೆ ಮಡಿಲು ಸೋರತೊಡಗುತ್ತದೆ. ಚುರುಕಾದ ಬಯೋಟಿನ್ ಸರಿಯಾದ ಪದ ಬರುವ ತನಕ ಕಾಯದೆ ಹೊರಗೆ ಹಾರಿ, ಸುತ್ತಮುತ್ತ ಸಿಕ್ಕ ಲೈಸಿನ್‌ಗಳಿಗೆ ಅಂಟಿಕೊಳ್ಳುತ್ತದೆ. ಒಂದೇ ಜಾಗ ಬಲ್ಲ ಮೊಹರು ಹೀಗೆ ಕಂಡಕಂಡಲ್ಲಿ ಬೀಳುವ ಮೊಹರಾಯಿತು. 2004ರಲ್ಲಿ ಕ್ರೋನನ್ ಮತ್ತು ಸಂಗಡಿಗರು ಈ ಕೆಟ್ಟ ಕಿಣ್ವದ ಚಾಳಿಯನ್ನು ವಿವರವಾಗಿ ಬರೆದರು.

ಕೆಟ್ಟದ್ದನ್ನು ಎಸೆಯಬೇಕಲ್ಲವೇ? 2012ರಲ್ಲಿ ಕೈಲ್ ರೂ ಮತ್ತು ಅವರ ಜೊತೆಗಾರರು ಎಸೆಯಲಿಲ್ಲ. ಅವರ ಲೆಕ್ಕ ಹೀಗಿತ್ತು: ಹೊರಗೆ ಹಾರಿದ ಬಯೋಟಿನ್ ಬಹಳ ದೂರ ಹೋಗಲಾರದು, ಹತ್ತಿರದವರಿಗೆ ಮಾತ್ರ ಅಂಟುತ್ತದೆ. ಹಾಗಾದರೆ ಅಂಟಿದವರೆಲ್ಲ ನೆರೆಹೊರೆಯವರು! ನಮ್ಮ ಮದುವೆ ಮನೆಯಲ್ಲಿ ಪನ್ನೀರುದಾನಿ ಹಿಡಿದು ನಿಂತ ಹುಡುಗನನ್ನು ನೆನೆಸಿಕೊಳ್ಳಿ. ಸಂಜೆ ಎಲ್ಲರೂ ಚದುರಿ ಹೋದ ಮೇಲೂ, ಯಾರ ಶರ್ಟಿನಲ್ಲಿ ಗುಲಾಬಿಯ ವಾಸನೆ ಇದೆಯೋ ಅವರು ಆ ಹುಡುಗನ ಹತ್ತಿರ ಹಾದುಹೋದವರು ಎಂದು ತಿಳಿಯಬಹುದು. ಜೀವಕೋಶದ ಕೇಂದ್ರದ ಗೋಡೆಯಲ್ಲಿ ಲ್ಯಾಮಿನ್-ಎ ಎಂಬ ಪ್ರೋಟೀನು ಇದೆ. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ಅದರ ಸಂಗಾತಿಗಳು ಯಾರು ಎಂದು ತಿಳಿಯುವುದು ಕಷ್ಟ. ಅವರು ಈ ಕೆಟ್ಟ ಬಿರ್-ಎಯನ್ನು ಲ್ಯಾಮಿನ್-ಎಗೆ ಕಟ್ಟಿ, ಕೋಶಗಳಿಗೆ ಬಯೋಟಿನ್ ಕೊಟ್ಟು ಸುಮಾರು ಒಂದು ದಿನ ಬಿಟ್ಟರು. ಆಮೇಲೆ ಕೋಶಗಳನ್ನು ಒಡೆದು, ಬಯೋಟಿನ್ ಅಂಟಿದವರನ್ನೆಲ್ಲ ಸ್ಟ್ರೆಪ್ಟಾವಿಡಿನ್ನಿನಿಂದ ಹಿಡಿದು, ಯಾರು ಯಾರೆಂದು ಯಂತ್ರದಿಂದ ಗುರುತಿಸಿದರು. ಮೊದಲು ತಿಳಿದಿರದ ನೆರೆಯವರೂ ಪಟ್ಟಿಯಲ್ಲಿ ಬಂದರು. ಈ ವಿಧಾನಕ್ಕೆ ಬಯೋ-ಐಡಿ ಎಂದು ಹೆಸರು. ಇದರ ಪನ್ನೀರು ತಲುಪುವ ದೂರ ಸುಮಾರು 10 ನ್ಯಾನೋಮೀಟರ್ ಎಂದು ಆಮೇಲೆ ಅಳೆದರು, ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು.

ಹಳೆಯ ವಿಧಾನಗಳಲ್ಲಿ ಕೋಶವನ್ನು ಮೊದಲು ಒಡೆದು, ಆಮೇಲೆ ಯಾರು ಯಾರನ್ನು ಹಿಡಿದಿದ್ದಾರೆ ಎಂದು ನೋಡುತ್ತಿದ್ದರು. ಒಡೆಯುವಾಗಲೇ ಸಡಿಲ ಸಂಬಂಧಗಳು ಕಳಚಿಹೋಗುತ್ತಿದ್ದವು. ಇಲ್ಲಿ ಜೀವಂತ ಕೋಶದಲ್ಲೇ ಗುರುತು ಬೀಳುತ್ತದೆ. ಕಳಚಿಕೊಂಡು ಹೋದರೂ ಗುರುತು ಉಳಿಯುತ್ತದೆ.

ಆದರೆ ಒಂದು ದಿನ ಕಾಯುವುದು ಬಹಳವಾಯಿತು, ಕೋಶದೊಳಗೆ ಎಷ್ಟೋ ಸಂಗತಿಗಳು ನಿಮಿಷಗಳಲ್ಲಿ ನಡೆದು ಮುಗಿಯುತ್ತವೆ. ಅಮೆರಿಕದ ಆಲಿಸ್ ಟಿಂಗ್ ಅವರ ತಂಡ ಯೀಸ್ಟ್ ಕೋಶಗಳಲ್ಲಿ ಬಿರ್-ಎಯ ಅಸಂಖ್ಯಾತ ರೂಪಾಂತರಗಳನ್ನು ಬೆಳೆಸಿ, ಅತಿ ವೇಗದವುಗಳನ್ನು ಮತ್ತೆ ಮತ್ತೆ ಆರಿಸುತ್ತ ಹೋಗಿ, 2018ರಲ್ಲಿ ಟರ್ಬೋ-ಐಡಿ ಎಂಬ ಹೊಸ ರೂಪವನ್ನು ಪ್ರಕಟಿಸಿತು. ಮೂಲ ಬಿರ್-ಎಗಿಂತ ಇದರಲ್ಲಿ 15 ಅಕ್ಷರಗಳು ಬೇರೆ, ಕೆಲಸ 10 ನಿಮಿಷದ್ದು. ಕೊರೊನಾ ಬಂದ 2020ರಿಂದ ಆಚೆಗೆ ಹಲವು ಪ್ರಯೋಗಶಾಲೆಗಳು ಆ ವೈರಸ್ಸಿನ ಪ್ರೋಟೀನುಗಳು ನಮ್ಮ ಕೋಶದಲ್ಲಿ ಯಾರ ಪಕ್ಕ ಕೂರುತ್ತವೆ ಎಂದು ಈ ಬಗೆಯ ವಿಧಾನದಿಂದ ಹುಡುಕಿದವು. ಇದನ್ನೆಲ್ಲ ನಿಮ್ಮ ಪಠ್ಯಪುಸ್ತಕ ಕಿಣ್ವಗಳ ಪಾಠದಲ್ಲಿ ಹೇಳುವುದಿಲ್ಲ. ಬೀಗ–ಬೀಗದಕೈ ಎಂಬ ಒಂದು ಹೋಲಿಕೆ ಹೇಳಿ ಮುಗಿಸುತ್ತದೆ. ಬೀಗದಕೈಯನ್ನು ಅರಗೊರಸಿನಿಂದ ಉಜ್ಜಿ ಬೇಕೆಂದೇ ಸವೆಸಿದರೆ ಏನಾಗುತ್ತದೆ ಎಂಬುದು ಅದಕ್ಕಿಂತ ಸ್ವಾರಸ್ಯದ ಪಾಠ ಎಂದು ನನ್ನ ಅಭಿಪ್ರಾಯ.

ಇನ್ನು ಪಾಲಕರಿಗೆ.

ನಮ್ಮ ದೇಹದಲ್ಲಿ ಬಯೋಟಿನ್ ಬೇಕಾದ ಕಿಣ್ವಗಳು ಐದು. ಐದಕ್ಕೂ ಮುದ್ರೆ ಹಾಕುವ ಮೊಹರು ಒಂದೇ, ಅದರ ಜೀನ್ 21ನೆಯ ವರ್ಣತಂತುವಿನ ಮೇಲಿದೆ. ಉದ್ದನೆಯ ಹೆಸರು ಬೇಡ, ಬಿರ್-ಎಯ ಮಾನವ ಸೋದರ ಎಂದುಕೊಳ್ಳಿ. ಸೋದರ ಎಂಬುದು ಬರೀ ಮಾತಲ್ಲ. 1995ರಲ್ಲಿ ಕೆನಡಾದ ಸಂಶೋಧಕರು ಬಿರ್-ಎ ಕೆಟ್ಟ ಇ-ಕೊಲೈಗೆ ಈ ಮಾನವ ಜೀನನ್ನು ಕೊಟ್ಟಾಗ ಅದು ಚೇತರಿಸಿಕೊಂಡು ಬೆಳೆಯಿತು. ಅಂದರೆ ಬ್ಯಾಕ್ಟೀರಿಯದ ಸಹಜ ಬರಹವನ್ನು ನಮ್ಮ ಕಿಣ್ವವೂ ಓದಬಲ್ಲದು. ಶಾಟ್ಜ್ ಅವರ ಕೃತಕ ಪದವನ್ನು ಮಾತ್ರ ಓದಲಾರದು. ಆ ಪದ ಮಾನವ ಕೋಶಗಳಲ್ಲೂ ಗೊಂದಲವಿಲ್ಲದೆ ಬಳಕೆಗೆ ಬರುವುದು ಇದೇ ಕಾರಣಕ್ಕೆ.

ಈ ಮಾನವ ಮೊಹರು ಹುಟ್ಟಿನಿಂದಲೇ ದೋಷಪೂರಿತವಾಗಿದ್ದರೆ ಐದು ಕಿಣ್ವಗಳೂ ಒಟ್ಟಿಗೆ ನಿಲ್ಲುತ್ತವೆ, ರಕ್ತದಲ್ಲಿ ಆಮ್ಲಗಳು ಕೂಡಿಕೊಳ್ಳುತ್ತವೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಹಾಲು ಬಿಡುವುದು, ವಾಂತಿ, ಏದುಸಿರು, ಮಂಪರು, ಫಿಟ್ಸ್, ಮೈಮೇಲೆ ಗುಳ್ಳೆ, ಕೂದಲು ಉದುರುವುದು ಕಾಣಬಹುದು. ಇದಕ್ಕೆ ಹತ್ತಿರದ ಇನ್ನೊಂದು ದೋಷವಿದೆ. ಬಳಸಿದ ಬಯೋಟಿನ್ನನ್ನು ಬಿಡಿಸಿ ಮತ್ತೆ ಬಳಕೆಗೆ ಕೊಡುವ ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆ. ಇದನ್ನು ಬ್ಯಾರಿ ವುಲ್ಫ್ ಮತ್ತು ಸಂಗಡಿಗರು 1983ರಲ್ಲಿ ಗುರುತಿಸಿದರು, ಮರುವರ್ಷವೇ ಅಮೆರಿಕದ ವರ್ಜೀನಿಯಾದಲ್ಲಿ ನವಜಾತ ಶಿಶುಗಳ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಇದನ್ನು ಪರೀಕ್ಷಿಸುವುದು ಆರಂಭವಾಯಿತು. ಇದು ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಕಿವಿ, ಕಣ್ಣು ಹೋಗಬಹುದು. ಒಮ್ಮೆ ಹೋದ ಶ್ರವಣ ಸಾಮಾನ್ಯವಾಗಿ ಮರಳುವುದಿಲ್ಲ.

ಎರಡಕ್ಕೂ ಮದ್ದು ಬಯೋಟಿನ್ನೇ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಈ ಮಕ್ಕಳಿಗೆ ವೈದ್ಯರು 5ರಿಂದ 20 ಮಿಲಿಗ್ರಾಂ ಕೊಡುತ್ತಾರೆ, ಅಂದರೆ ನೂರಾರು ಪಟ್ಟು. ಕಾರಣ ಸರಳ. ದೋಷವಿರುವ ಮೊಹರು ಹಲವು ಮಕ್ಕಳಲ್ಲಿ ಪೂರ್ತಿ ಸತ್ತಿರುವುದಿಲ್ಲ, ಬಯೋಟಿನ್ನನ್ನು ಹಿಡಿಯುವ ಶಕ್ತಿ ಕುಗ್ಗಿರುತ್ತದೆ. ಸುತ್ತಲೂ ಬಯೋಟಿನ್ ತುಂಬಿದ್ದರೆ ಅದೂ ಹಿಡಿಯುತ್ತದೆ. ಇ-ಕೊಲೈನಲ್ಲೂ ಬಿರ್-ಎ ದುರ್ಬಲವಾದ ತಳಿಗಳು ಬಯೋಟಿನ್ ಧಾರಾಳವಾಗಿ ಕೊಟ್ಟಾಗಲೇ ಬೆಳೆಯುತ್ತಿದ್ದವು. ಬ್ಯಾಕ್ಟೀರಿಯದಲ್ಲಿ ಕಂಡದ್ದೇ ತೊಟ್ಟಿಲಲ್ಲೂ ನಿಜ. ಜೀವನಪೂರ್ತಿ ಔಷಧ ಬೇಕು. ಎಲ್ಲ ಮಕ್ಕಳೂ ಒಂದೇ ರೀತಿ ಸ್ಪಂದಿಸುವುದಿಲ್ಲ, ಆದರೆ ಬೇಗ ಆರಂಭಿಸಿದವರಲ್ಲಿ ಹೆಚ್ಚಿನವರು ಚೆನ್ನಾಗಿ ಬೆಳೆಯುತ್ತಾರೆ.

ಇವು ವಿರಳ ಕಾಯಿಲೆಗಳು. ಆದರೂ ಇಲ್ಲಿ ಏಕೆ ಹೇಳುತ್ತಿದ್ದೇನೆಂದರೆ, ತಂದೆ ತಾಯಿ ಇಬ್ಬರೂ ಆ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದಾಗ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ, ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಂಭವ. ಹೊತ್ತವರಿಗೆ ಏನೂ ತೊಂದರೆ ಇರುವುದಿಲ್ಲ, ಹೊತ್ತಿರುವುದು ಗೊತ್ತೂ ಇರುವುದಿಲ್ಲ. ಸೋದರಿಕೆಯ ಮದುವೆ ನಮ್ಮಲ್ಲೂ ಇದೆ, ನಮ್ಮ ಅಕ್ಕಪಕ್ಕದ ಎಷ್ಟೋ ಸಮುದಾಯಗಳಲ್ಲೂ ಇದೆ. ಒಂದೇ ಅಜ್ಜ–ಅಜ್ಜಿಯಿಂದ ಬಂದವರಲ್ಲಿ ಒಂದೇ ದೋಷ ಇರುವ ಸಂಭವ ಹೆಚ್ಚು. ನಾನು ಯಾರ ಸಂಬಂಧವನ್ನೂ ಟೀಕಿಸಲು ನಿಂತಿಲ್ಲ, ಆಗಿರುವ ಮದುವೆಯ ಬಗ್ಗೆ ಮಾತನಾಡಿ ಫಲವೂ ಇಲ್ಲ. ಕೇಳಿಕೊಳ್ಳುವುದು ಒಂದೇ. ಮನೆಯಲ್ಲಿ ಹಿಂದೆ ಹಸುಗೂಸು ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಫಿಟ್ಸ್ ಬಂದು ಹೋಗಿದ್ದರೆ, 'ಹಣೆಬರಹ', 'ನಜರ್ ಆಯಿತು' ಎಂದು ಮುಚ್ಚಿಡದೆ ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಕಾರಣ ಇದೇ ಎಂದು ಯಾರೂ ಮೊದಲೇ ಹೇಳಲಾರರು, ಇಂಥ ಕಾಯಿಲೆಗಳು ಇನ್ನೂ ಹಲವು ಇವೆ. ಆದರೆ ಹಿಮ್ಮಡಿಯ ರಕ್ತ ಪರೀಕ್ಷೆ ನಮ್ಮಲ್ಲಿ ಎಲ್ಲ ಶಿಶುಗಳಿಗೂ ತಾನಾಗಿಯೇ ಆಗುವುದಿಲ್ಲ, ಎಷ್ಟೋ ಕಡೆ ಕೇಳಿಯೇ ಮಾಡಿಸಬೇಕು. ಅದರಲ್ಲಿ ಬಯೋಟಿನಿಡೇಸ್ ಸೇರಿದೆಯೇ ಎಂದೂ ಕೇಳಬೇಕು. ಕೇಳಲು ಸಂಕೋಚ ಪಡುವ ತಾಯಂದಿರ ಜೊತೆಗೆ ಓದಿದ ಹೆಣ್ಣುಮಕ್ಕಳು ಹೋಗಲಿ.

ಇನ್ನೊಂದು ಮಾತು, ಇದು ದೊಡ್ಡವರಿಗೆ. ಕೂದಲು ಉದುರುತ್ತದೆ ಎಂದು ಈಗ ಬಹಳ ಜನ ಅಂಗಡಿಯಿಂದ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ತಂದು ನುಂಗುತ್ತಾರೆ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಪಾಯ ಇರುವುದು ಬೇರೆ ಕಡೆ. ಥೈರಾಯ್ಡ್, ಹೃದಯಾಘಾತದ ಟ್ರೋಪೋನಿನ್ ಮುಂತಾದ ಹಲವು ರಕ್ತ ಪರೀಕ್ಷೆಗಳು ನಡೆಯುವುದೇ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಹಿಡಿತದ ಮೇಲೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಸ್ಟ್ರೆಪ್ಟಾವಿಡಿನ್ನಿನ ಕೈಗಳೆಲ್ಲ ಅದರಲ್ಲೇ ತುಂಬಿಹೋಗಿ ಪರೀಕ್ಷೆ ತಪ್ಪು ಹೇಳುತ್ತದೆ. ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ಕಾಣಬಹುದು, ಥೈರಾಯ್ಡ್ ಸರಿಯಿದ್ದರೂ ವಿಪರೀತವಾಗಿರುವಂತೆ ಕಾಣಬಹುದು. 2017ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಬಯೋಟಿನ್ ತೆಗೆದುಕೊಂಡಿದ್ದ ಒಬ್ಬ ರೋಗಿಯ ಟ್ರೋಪೋನಿನ್ ತಪ್ಪಾಗಿ ಕಡಿಮೆ ಕಂಡು, ಆ ರೋಗಿ ತೀರಿಕೊಂಡ ವರದಿಯೂ ಅದರಲ್ಲಿತ್ತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಇಂಥ ಮಾತ್ರೆ ನಿಲ್ಲಿಸಬೇಕೆಂದು ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಹೇಳುತ್ತದೆ. ರಕ್ತ ಕೊಡುವಾಗ ಯಾವ ಯಾವ ಮಾತ್ರೆ ನುಂಗುತ್ತಿದ್ದೀರೆಂದು ಲ್ಯಾಬಿನವರು ಕೇಳದಿದ್ದರೂ ನೀವೇ ಹೇಳಿ, ಕೂದಲಿನ ಮಾತ್ರೆಯನ್ನೂ ಸೇರಿಸಿ.

ಆದರೆ ಈ ಎರಡು ದಿನದ ಮಾತು ಕೂದಲಿಗೆ ನುಂಗುವವರಿಗೆ ಮಾತ್ರ. ನಾನು ಹೇಳಿದ ಕಾಯಿಲೆ ಇರುವ ಮಗುವಿನ ಬಯೋಟಿನ್ನನ್ನು ಯಾವ ಪರೀಕ್ಷೆಗಾಗಿಯೂ, ವೈದ್ಯರನ್ನು ಕೇಳದೆ, ಒಂದು ದಿನವೂ ನಿಲ್ಲಿಸಬಾರದು.

ಹದಿನೈದು ಅಕ್ಷರದ ಪದ ಹಲಗೆಯ ಮೇಲೆ ಹಾಗೇ ಇರುತ್ತದೆ. ಬೇಕಾದವರು ಬರೆದುಕೊಳ್ಳಬಹುದು. ಪ್ರಶ್ನೆಗಳಿದ್ದರೆ ಚಹಾದ ಹೊತ್ತಿನಲ್ಲಿ ಕೇಳಿ, ಉತ್ತರಕ್ಕೆ ವಿಜ್ಞಾನ ಶಿಕ್ಷಕರೂ ನನ್ನ ಜೊತೆಗಿರುತ್ತಾರೆ.